ಸೆಪ್ಟೆಂಬರ್ 12ರ ನಂತರ: ಅಪಘಾತ ಪರಿಹಾರವೂ ನಡುವೆ ನಿಂತುಹೋದ ಚಿಕಿತ್ಸೆಯೂ

“ದಿನಾಂಕ 12-9ರ ನಂತರ ಜನವರಿಯವರೆಗೆ ನಾನು ಯಾವುದೇ ಆಸ್ಪತ್ರೆಗೆ ಹೋಗಿರುವುದಿಲ್ಲ ಎಂದರೆ ಸರಿ.”

ಕೋರ್ಟಿನ ಕನ್ನಡ ಕೇಳಿ ಅಭ್ಯಾಸವಿಲ್ಲದವರಿಗೆ ಈ ವಾಕ್ಯ ವಿಚಿತ್ರವಾಗಿ ಕೇಳಿಸುತ್ತದೆ. ಪ್ರಶ್ನೆ ಕೇಳಿದವರು ವಿಮಾ ಕಂಪನಿಯ ವಕೀಲರು. ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದ ನಮ್ಮೂರ ಕೊನೆಗಾರ (ಅಡಿಕೆ ಮರ ಹತ್ತಿ ಗೊನೆ ಇಳಿಸುವವನು) ಹೇಳಿದ್ದು “ಹೌದು ಸ್ವಾಮಿ” ಅಂತ, ಅಷ್ಟೇ. ಬೆರಳಚ್ಚಾಗುವಾಗ ಪ್ರಶ್ನೆಯೂ ಉತ್ತರವೂ ಒಂದರೊಳಗೊಂದು ಸೇರಿ, ಇಡೀ ಮಾತು ಅವನೇ ಆಡಿದ ಹಾಗೆ ಕೂರುತ್ತದೆ. ಅದರ ಬೆನ್ನಿಗೇ ಇನ್ನೆರಡು ಬಂದವು: “ಕಾಲು ಪೂರ್ತಿ ವಾಸಿಯಾಗಿದ್ದರಿಂದಲೇ ಆಸ್ಪತ್ರೆಗೆ ಹೋಗಲಿಲ್ಲ ಎಂದರೆ ಸರಿಯಲ್ಲ. ಹೆಚ್ಚಿನ ಪರಿಹಾರ ಪಡೆಯುವ ಉದ್ದೇಶದಿಂದ ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.” ಕೊನೆಯ ಎರಡು ‘ಸರಿಯಲ್ಲ’ಗಳು ಎಲ್ಲ ಸಾಕ್ಷಿಗಳೂ ಹೇಳುವಂಥವು, ಯಾರೂ ಅವನ್ನು ದೊಡ್ಡದು ಮಾಡುವುದಿಲ್ಲ. ಪೆಟ್ಟು ಕೊಡುವುದು ಮೊದಲ ‘ಸರಿ’.

ಅವನು ಅವತ್ತು ಬೈಕಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಜೂನ್ ತಿಂಗಳ ಮಳೆ, ತಿರುವಿನಲ್ಲಿ ಎದುರಿನಿಂದ ಬಂದ ಪಿಕಪ್ ಗಾಡಿ. ಬಲಗಾಲಿನ ಹರಡಿನ (ಪಾದದ ಕೀಲಿನ) ಹತ್ತಿರ ಎಲುಬು ಮುರಿಯಿತು. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗ. ಪ್ಲೇಟು, ಸ್ಕ್ರೂ ಹಾಕಿದರು. ಹನ್ನೊಂದು ದಿನ ಹಾಸಿಗೆ. ಆಮೇಲೆ ತಿಂಗಳಿಗೊಮ್ಮೆ ಹೊರರೋಗಿ ಚೀಟಿ ಹಿಡಿದು ಹೋಗಿಬಂದ, ಸೆಪ್ಟೆಂಬರ್ 12ರವರೆಗೆ. ನಂತರ ಸುಗ್ಗಿ ಶುರುವಾಯಿತು. ಅವನಿಗೆ ಮರ ಹತ್ತಲಾಗದೆ ಸಂಪಾದನೆ ನಿಂತಿತ್ತು, ಹೆಂಡತಿ ಊರೆಲ್ಲ ತಿರುಗಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಿದ್ದಳು. ಊರಿಂದ ಹೊಸನಗರಕ್ಕೆ ಒಂದು ಬಸ್ಸು, ಅಲ್ಲಿಂದ ಶಿವಮೊಗ್ಗಕ್ಕೆ ಇನ್ನೊಂದು. ಊರುಗೋಲಿನವನ ಸಂಗಡ ಒಬ್ಬರು ಬೇಕು. “ಸುಲಿತದ ಟೈಮಲ್ಲಿ ನನ್ನ ಸಂಗಡ ಬರಕ್ಕೆ ಯಾರಿಗೆ ಪುರ್ಸೊತ್ತು ಅಣ್ಣ?” ಅಂತ ನನ್ನನ್ನೇ ಕೇಳಿದ್ದ. ಆ ನಾಲ್ಕು ತಿಂಗಳು ಪಕ್ಕದ ಊರಿನ ನಾಟಿ ವೈದ್ಯರ ಹತ್ತಿರ ಎಣ್ಣೆ ಹಾಕಿಸಿ ಕಟ್ಟು ಕಟ್ಟಿಸಿಕೊಂಡ. ಅವರು ಚೀಟಿ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಎಲೆ ಅಡಿಕೆಯ ಜೊತೆ ಇಟ್ಟಷ್ಟು.

ನೋವು ಆ ನಾಲ್ಕು ತಿಂಗಳೂ ಇತ್ತು, ಕಾಗದ ಮಾತ್ರ ಇರಲಿಲ್ಲ. ಮೋಟಾರು ಅಪಘಾತ ಪರಿಹಾರದ ಕೇಸುಗಳಲ್ಲಿ, ವಕೀಲರ ಬಾಯಲ್ಲಿ ಹೇಳುವುದಾದರೆ ಎಂವಿಸಿ ಕೇಸುಗಳಲ್ಲಿ, ಮಲೆನಾಡಿನವರು ಹೆಚ್ಚು ಕಳೆದುಕೊಳ್ಳುವುದು ಈ ಜಾಗದಲ್ಲೇ ಎಂಬುದು ವರ್ಷಗಳಿಂದ ಕೋರ್ಟ್ ವರಾಂಡದಲ್ಲಿ ನಿಂತು ನೋಡಿದ ನನ್ನ ಅನಿಸಿಕೆ. ಯಾರ ತಪ್ಪಿನಿಂದ ಅಪಘಾತವಾಯಿತು ಎಂಬುದನ್ನು ಎಫ್‌ಐಆರ್, ಮಹಜರು, ದೋಷಾರೋಪ ಪಟ್ಟಿ ಸೇರಿ ಹೇಗೋ ದಡ ಮುಟ್ಟಿಸುತ್ತವೆ. ಎಷ್ಟು ನಷ್ಟವಾಯಿತು ಎಂಬುದನ್ನು ಗಾಯಾಳುವೇ ತೋರಿಸಬೇಕು. ಅದಕ್ಕೆ ಅವನ ಕೈಯಲ್ಲಿರುವುದು ಚಿಕಿತ್ಸೆಯ ತಾರೀಖುಗಳು.

ಲೆಕ್ಕ ಹೇಗೆ ಕೂಡುತ್ತಾರೆ

ಗಾಯದ ಕೇಸುಗಳಲ್ಲಿ ಪರಿಹಾರ ಎಣಿಸುವ ದಾರಿಯನ್ನು ಸುಪ್ರೀಂ ಕೋರ್ಟ್ 2010ರ ಅಕ್ಟೋಬರಿನಲ್ಲಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಔಷಧಿ, ಆಸ್ಪತ್ರೆ, ಓಡಾಟ, ಪೌಷ್ಟಿಕ ಆಹಾರದ ಖರ್ಚು ಒಂದು ಬಾಬ್ತು. ಚಿಕಿತ್ಸೆಯ ಅವಧಿಯಲ್ಲಿ ತಪ್ಪಿದ ದುಡಿಮೆ ಇನ್ನೊಂದು. ಶಾಶ್ವತ ಅಂಗವೈಕಲ್ಯದಿಂದ ಮುಂದೆ ತಪ್ಪುವ ಆದಾಯ, ಮುಂದಿನ ಚಿಕಿತ್ಸೆಯ ಖರ್ಚು, ನೋವು ಮತ್ತು ಯಾತನೆ, ಬದುಕಿನ ಸೌಖ್ಯ ಹೋಗಿದ್ದು, ಆಯಸ್ಸು ಕುಗ್ಗಿದ್ದು ಎಲ್ಲಕ್ಕೂ ಬೇರೆ ಬೇರೆ ಬಾಬ್ತು. ಪೆಟ್ಟು ಸಣ್ಣದಾದರೆ ಮೊದಲಿನ ಕೆಲವಕ್ಕೇ ಲೆಕ್ಕ ಮುಗಿಯುತ್ತದೆ. ದೊಡ್ಡ ಮೊತ್ತ ಬರುವುದು ಮುಂದೆ ತಪ್ಪುವ ಆದಾಯದಿಂದ.

ಅದನ್ನು ಗುಣಕ ಹಿಡಿದು ಎಣಿಸುತ್ತಾರೆ. 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಂತೆ 31ರಿಂದ 35 ವಯಸ್ಸಿಗೆ ಗುಣಕ 16, 41ರಿಂದ 45ಕ್ಕೆ 14, 56ರಿಂದ 60ಕ್ಕೆ 9. ನಮ್ಮ ಕೊನೆಗಾರನಿಗೆ 34. ತಿಂಗಳ ಆದಾಯ 15,000 ಎಂದು ಇಟ್ಟುಕೊಳ್ಳೋಣ, ವರ್ಷಕ್ಕೆ 1,80,000. 16ರಿಂದ ಗುಣಿಸಿದರೆ 28,80,000. ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಎಷ್ಟು ಹೋಗಿದೆ ಎಂದು ನ್ಯಾಯಮಂಡಳಿ (ಈ ಕೇಸುಗಳನ್ನು ಕೇಳುವ ಕೋರ್ಟು) ಒಪ್ಪುತ್ತದೋ ಆ ಪಾಲು ಅವನಿಗೆ. (ಆದಾಯ ಮುಂದೆ ಏರುತ್ತಿತ್ತು ಎಂದು 40 ದಾಟದ ಸ್ವಂತ ದುಡಿಮೆಯವರಿಗೆ ಶೇ. 40 ಸೇರಿಸುವ ಕ್ರಮವೊಂದಿದೆ, 2017ರ ಪ್ರಣಯ್ ಸೇಠಿ ತೀರ್ಪಿನದು. ಲೆಕ್ಕ ಸರಳವಾಗಿರಲಿ ಎಂದು ಅದನ್ನಿಲ್ಲಿ ಬಿಟ್ಟಿದ್ದೇನೆ.)

ಮೂಳೆ ಡಾಕ್ಟರು ಆ ಕಾಲಿಗೆ ಶೇ. 24 ವೈಕಲ್ಯ ಎಂದು ಬರೆದರೆ, ಕರ್ನಾಟಕದಲ್ಲಿ ರೂಢಿಯಾಗಿರುವಂತೆ ಅದರ ಮೂರನೇ ಒಂದು ಪಾಲು ಇಡೀ ದೇಹದ್ದೆಂದು ಹಿಡಿಯುತ್ತಾರೆ: ಶೇ. 8. ಬರುವುದು 2,30,400. ಆದರೆ ಕೊನೆಗಾರನಿಗೆ ಹರಡು ಎಂದರೆ ಏನು? ಕಾಲಿಗೆ ಬಳೆಯಂಥ ತಳೆ ಹಾಕಿ, ಎರಡು ಪಾದಗಳ ನಡುವೆ ಮರವನ್ನು ಒತ್ತಿ ಹಿಡಿದು ಅವನು ಹತ್ತುವುದೇ ಹರಡಿನ ಬಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಳೆರೋಗದ ಔಷಧಿ ಹೊಡೆಯುವಾಗ ಮರದ ಮೈಯೆಲ್ಲ ಪಾಚಿ, ಜಾರಿಕೆ. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವವನಿಗೆ ಶೇ. 8 ಎಂಬುದೇ ಧಾರಾಳವಾದೀತು. ಇವನ ಪಾಲಿಗೆ ಕಸುಬೇ ಹೋಯಿತು. ರಾಜ್ ಕುಮಾರ್ ತೀರ್ಪಿನ ಜೀವಾಳವೂ ಇಲ್ಲೇ ಇದೆ: ವೈದ್ಯರು ಹೇಳುವ ದೇಹದ ವೈಕಲ್ಯ ಬೇರೆ, ಅದು ಆ ಮನುಷ್ಯನ ದುಡಿಮೆಯ ಮೇಲೆ ಮಾಡುವ ಪರಿಣಾಮ ಬೇರೆ, ಎರಡನೆಯದನ್ನು ತೂಗಬೇಕಾದ್ದು ನ್ಯಾಯಮಂಡಳಿ. ಆ ಪ್ರಕರಣದ ಗಾಯಾಳು ಚೀಸ್ ಮಾರುವವನು. ಎಡಗಾಲಿಗೆ ಶೇ. 45 ಎಂಬ ಪ್ರಮಾಣಪತ್ರವಿತ್ತು, ಕೋರ್ಟು ಗಳಿಕೆಯ ನಷ್ಟವನ್ನು ಶೇ. 20 ಎಂದು ಹಿಡಿಯಿತು. ತಕ್ಕಡಿ ಮೇಲಕ್ಕೂ ಹೋಗಬಹುದು. 2014ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕರ್ನಾಟಕದ್ದೇ ಪ್ರಕರಣ ಸೈಯದ್ ಸಾದಿಕ್‌ರದು. ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿ. ಹೈಕೋರ್ಟ್ ಶೇ. 65 ಎಂದಿದ್ದನ್ನು ಸುಪ್ರೀಂ ಕೋರ್ಟ್ ಶೇ. 85ಕ್ಕೆ ಏರಿಸಿತು.

ನಮ್ಮವನ ವಿಷಯದಲ್ಲಿ ಶೇ. 8ರ ಬದಲು ಶೇ. 20 ಎಂದು ಒಪ್ಪಿದರೆ 5,76,000. ನಡುವಿನ ಅಂತರ 3,45,600 ರೂಪಾಯಿ. ಅವನ ಹೆಂಡತಿ ಎಷ್ಟು ಸುಗ್ಗಿ ಸುಲಿದರೆ ಇಷ್ಟು ಕೂಡುತ್ತದೆ ಎಂದು ಲೆಕ್ಕ ಹಾಕುವ ಧೈರ್ಯ ನನಗಿಲ್ಲ. ಈ ಅಂತರ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಹರಡು ಬಗ್ಗುತ್ತಿಲ್ಲ, ಭಾರ ಬಿಟ್ಟರೆ ನೋಯುತ್ತದೆ ಎಂಬುದು ಅಪಘಾತದ ದಿನದಿಂದ ಸಾಕ್ಷ್ಯದ ದಿನದವರೆಗೆ ವೈದ್ಯರ ಕೈಬರಹದಲ್ಲಿ ಎಳೆ ಕಡಿಯದೆ ಬಂದಿದೆಯೇ? ನವೆಂಬರಿನ ಚೀಟಿಯೊಂದರಲ್ಲಿ “ಹರಡಿನ ಚಲನೆ ಕಡಿಮೆ, ವ್ಯಾಯಾಮ ಮುಂದುವರಿಸಿ” ಎಂಬ ಒಂದು ಸಾಲು ಇದ್ದಿದ್ದರೆ ವಿಮಾ ವಕೀಲರು ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಖಾಲಿ ಜಾಗವನ್ನು ಓದುವ ಬಗೆ

ತಾರೀಖುಗಳ ನಡುವಿನ ಖಾಲಿ ಜಾಗ ಸಿಕ್ಕರೆ ವಿಮಾ ಕಂಪನಿಯ ಕಡೆಯವರು ಮೂರು ಬಗೆಯಲ್ಲಿ ಅದನ್ನು ಓದುತ್ತಾರೆ. ವಾಸಿಯಾಗಿತ್ತು, ಅದಕ್ಕೇ ಹೋಗಲಿಲ್ಲ. ಇಲ್ಲವೇ, ವಾಸಿಯಾಗದೆ ಉಳಿದಿದ್ದರೆ ಅದು ಅವನದೇ ಉದಾಸೀನ, ಅದರ ಭಾರ ನಮಗೇಕೆ. ಇಲ್ಲವೇ, ನಡುವೆ ಇನ್ನೇನೋ ಆಗಿರಬೇಕು, ಮತ್ತೆ ಬಿದ್ದಿರಬೇಕು. ಮೂರೂ ಒಂದಕ್ಕೊಂದು ತಾಳೆಯಾಗುವುದಿಲ್ಲ, ಆದರೂ ಮೂರನ್ನೂ ಒಟ್ಟಿಗೆ ಕೇಳುತ್ತಾರೆ. ಅವರನ್ನು ದೂರಿ ಉಪಯೋಗವಿಲ್ಲ, ಅದು ಅವರ ಕೆಲಸ.

ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಲೆಗೆ ಬಿದ್ದ ಪೆಟ್ಟನ್ನೇ ನೋಡಿ. ವಯಸ್ಸಾದವರಲ್ಲಿ ಸಣ್ಣ ಪೆಟ್ಟಿನಿಂದಲೂ ಮೆದುಳಿನ ಹೊದಿಕೆಯಡಿ ನಿಧಾನವಾಗಿ ರಕ್ತ ಒಸರಿ, ಮೂರು ವಾರ ಕಳೆದ ಮೇಲೆ ತಲೆನೋವು, ಮರೆವು, ನಡಿಗೆಯಲ್ಲಿ ಓಲಾಟ ಶುರುವಾಗುವುದುಂಟು. ಮನೆಯವರು ‘ವಯಸ್ಸಾಯ್ತು, ಅರಳುಮರಳು’ ಎಂದುಕೊಳ್ಳುತ್ತಾರೆ. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಅಪಘಾತ ಹಳೆಯ ಕಥೆ. ಮೊದಲ ದಿನದ ಚೀಟಿಯಲ್ಲಿ ಮೊಣಕೈ ತರಚಿದ್ದು ಮಾತ್ರ ಇದ್ದು, ‘ತಲೆಗೂ ತಾಗಿದೆ, ವಾಂತಿ ಇಲ್ಲ’ ಎಂಬ ಸಾಲು ಇಲ್ಲದಿದ್ದರೆ ಬಿದ್ದಿದ್ದಕ್ಕೂ ರಕ್ತ ಕಟ್ಟಿದ್ದಕ್ಕೂ ಗಂಟು ಹಾಕುವುದು ಬಹಳ ಕಷ್ಟ. ಡಾಕ್ಟರ ಮುಂದೆ ಕೂತಾಗ ದೊಡ್ಡ ನೋವೊಂದನ್ನೇ ಹೇಳಿ ಉಳಿದದ್ದನ್ನು ನುಂಗಿಕೊಳ್ಳುವುದು ನಮ್ಮ ಕಡೆಯವರ ಜಾಯಮಾನ. “ಅದೇನಿಲ್ಲ ಬಿಡಿ, ಸ್ವಲ್ಪ ತಾಗಿದೆ” ಎಂಬ ಮಾತು ಸಂಕೋಚದಿಂದ ಬರುತ್ತದೆ. ಆಮೇಲೆ ‘ಸ್ವಲ್ಪ’ ಎಂದೇ ದಾಖಲಾಗಿರುತ್ತದೆ.

ಮೊದಲ ದಿನದ ಬರಹದಲ್ಲಿ ಇನ್ನೊಂದು ಅಪಾಯವಿದೆ, ನನ್ನ ಮಟ್ಟಿಗೆ ಇದು ನಾಲ್ಕು ತಿಂಗಳ ಖಾಲಿಗಿಂತಲೂ ದೊಡ್ಡದು. ಗಾಯಾಳುವನ್ನು ಕರೆತಂದವರಿಗೆ ಪೊಲೀಸು ಎಂದರೆ ಭಯ. ಗುದ್ದಿದವನು ಪರಿಚಯದವನು, ಊರ ಕಡೆಯವನು, ‘ಕೇಸು ಬೇಡ, ಖರ್ಚು ನಾನು ಕೊಡ್ತೀನಿ’ ಎಂದಿದ್ದಾನೆ. ಡ್ಯೂಟಿ ಡಾಕ್ಟರು ಕೇಳಿದಾಗ “ಬೈಕಿಂದ ಜಾರಿ ಬಿದ್ದ” ಎಂದುಬಿಡುತ್ತಾರೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸೆಂಬ ದಾಖಲೆ) ಆಗುವುದಿಲ್ಲ, ಕೇಸ್ ಶೀಟಿನಲ್ಲಿ ‘ತಾನಾಗಿ ಬಿದ್ದಿದ್ದು’ ಎಂದಾಗುತ್ತದೆ. ಎರಡು ವಾರ ಬಿಟ್ಟು ಖರ್ಚು ಕೊಡುವವನು ಫೋನ್ ಎತ್ತುವುದನ್ನು ನಿಲ್ಲಿಸುತ್ತಾನೆ. ಆಗ ಠಾಣೆಗೆ ಹೋದರೆ ದೂರು ತಡ, ಮೇಲಾಗಿ ಆಸ್ಪತ್ರೆಯ ದಾಖಲೆಯೇ ವಿರುದ್ಧ ಸಾಕ್ಷಿ. ದೂರು ತಡವಾದ ಒಂದೇ ಕಾರಣಕ್ಕೆ ಕ್ಲೇಮು ಬೀಳಬಾರದು ಎಂದು ಸುಪ್ರೀಂ ಕೋರ್ಟ್ 2011ರ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಹೇಳಿದೆ. ಗಾಯಾಳುವಿನ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆ, ಠಾಣೆಗಲ್ಲ ಎಂಬ ಲೋಕಜ್ಞಾನ ಕೋರ್ಟಿಗಿದೆ. ಆದರೆ ತಡಕ್ಕೆ ಸಮಾಧಾನ ಕೊಟ್ಟಷ್ಟು ಸುಲಭವಲ್ಲ ‘ಜಾರಿ ಬಿದ್ದ’ ಎಂಬ ನಾಲ್ಕಕ್ಷರದ ಸಾಲಿಗೆ ಸಮಾಧಾನ ಕೊಡುವುದು.

ಇನ್ನು ‘ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ’. ಆಪರೇಷನ್ ಎಂದ ಕೂಡಲೇ ಹೆದರಿ, ಸಹಿ ಹಾಕಿ, ಬಿದಿರಿನ ದಬ್ಬೆ ಕಟ್ಟಿಸಿಕೊಳ್ಳಲು ಹೊರಟವರು ಪ್ರತಿ ಊರಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ನಾಟಿ ವೈದ್ಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಸರಳ ಮುರಿತವನ್ನು ನೇರ ಕೂಡಿಸುವ ಕೈಗುಣದವರನ್ನು ಕಂಡಿದ್ದೇನೆ. ಆದರೆ ಕೀಲಿನೊಳಗಿನ ಮುರಿತ, ಚರ್ಮ ಸೀಳಿ ಹೊರಬಂದ ಮುರಿತ ಅವರ ಕೈಯದ್ದಲ್ಲ. ಎಲುಬು ಓರೆಯಾಗಿ ಕೂಡಿದರೆ ಅದರ ನೋವು ಜೀವನಪೂರ್ತಿ. ಕೋರ್ಟಿನಲ್ಲಿ ಆ ಓರೆಗೆ ಹೊಣೆ ಪಿಕಪ್ ಡ್ರೈವರೋ ದಬ್ಬೆಯೋ ಎಂಬ ವಾದ ಎದ್ದೇ ಏಳುತ್ತದೆ. ಅದೇ, ನೋಂದಾಯಿತ ಆಯುರ್ವೇದ ವೈದ್ಯರ ಹತ್ತಿರ ಹೋಗಿ ಚೀಟಿ ಬರೆಸಿಕೊಂಡಿದ್ದರೆ ಆ ತಿಂಗಳುಗಳು ಖಾಲಿ ಉಳಿಯುತ್ತಿರಲಿಲ್ಲ.

ಏಳು ದಿನದ ಆಚೆ

ಸರ್ಕಾರದ ಗಮನ ಇತ್ತೀಚೆಗೆ ಮೊದಲ ವಾರದ ಮೇಲಿದೆ, ಅದು ಒಳ್ಳೆಯದೇ. 2025ರ ಮೇ 5ರಂದು ಅಧಿಸೂಚನೆಯಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಸಿಗುತ್ತದೆ. ಜೀವ ಉಳಿಯುವುದು ಆ ಏಳು ದಿನದಲ್ಲಿ. ಕಾಲು ಮೊದಲಿನಂತಾಗುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಎರಡನೇ ತಿಂಗಳಿಂದ ಎಂಟನೇ ತಿಂಗಳೊಳಗೆ, ಫಿಸಿಯೋಥೆರಪಿಯಲ್ಲಿ. ಮಲೆನಾಡಿನಲ್ಲಿ ಕೊರತೆ ಇರುವುದು ಈ ಎರಡನೆಯದಕ್ಕೆ. ಪ್ಲೇಟು ಹಾಕುವ ಸರ್ಜನ್ನು ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ನಲ್ಲಿದ್ದಾರೆ, ಆಗುಂಬೆ ಘಾಟಿ ಇಳಿದರೆ ಮಣಿಪಾಲದಲ್ಲಿದ್ದಾರೆ. ವಾರಕ್ಕೆ ಮೂರು ಸಲ ಮಂಡಿ ಮಡಿಸಿ ಬಿಡಿಸುವವರು ಹೊಸನಗರದ ಕಡೆಯ ನಗರವೆಂಬ ಊರಿಗೋ ರಿಪ್ಪನ್‌ಪೇಟೆಗೋ ಬಂದು ಕೂರುವುದಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್, ಹೋಗಿ ಬರುವುದಕ್ಕೇ ಒಂದು ದಿನ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರ ಪಾಡು ಇನ್ನೂ ಬೇರೆಯಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯುವವರೆಗೆ ಅವರ ಆಸ್ಪತ್ರೆಯ ವೇಳಾಪಟ್ಟಿಯನ್ನು ಬರೆಯುತ್ತಿದ್ದುದು ಲಾಂಚು. ಅಲ್ಲಿನ ಹಳೆಯ ಕೇಸುಗಳ ಹೊರರೋಗಿ ಚೀಟಿಗಳಲ್ಲಿ ಎರಡೆರಡು ತಿಂಗಳ ಹಾರಿಕೆ ಕಂಡರೆ ಅದಕ್ಕೆ ಶರಾವತಿ ಹಿನ್ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದನ್ನು ನ್ಯಾಯಮಂಡಳಿ ಹಿಡಿಯಲು ಕಾನೂನಿನ ಅಡ್ಡಿಯಿಲ್ಲ. ಇಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಸಂಶಯಾತೀತ ಪುರಾವೆ ಬೇಕಿಲ್ಲ, ಯಾವುದು ಹೆಚ್ಚು ಸಂಭವ ಎಂಬಷ್ಟು ಸಾಕು. ಮೋಟಾರು ವಾಹನ ಕಾಯ್ದೆಯ 169ನೇ ಕಲಂ ಸಂಕ್ಷಿಪ್ತ ವಿಚಾರಣೆಗೆ ಅವಕಾಶ ಕೊಟ್ಟಿದೆ. ಎರಡು ಕಡೆಯವರು ಹೇಳಿದ್ದನ್ನು ಕೇಳಿ ಸುಮ್ಮನೆ ಕೂರದೆ ಸತ್ಯ ಹುಡುಕುವುದರಲ್ಲಿ ನ್ಯಾಯಮಂಡಳಿ ತಾನೂ ಕೈಹಾಕಬೇಕು ಎಂಬುದು ರಾಜ್ ಕುಮಾರ್ ತೀರ್ಪಿನಲ್ಲೇ ಇದೆ. ಹಾಗಿದ್ದ ಮೇಲೆ ಬೆಂಗಳೂರಿನ ಗಾಯಾಳು ನಾಲ್ಕು ತಿಂಗಳು ಆಸ್ಪತ್ರೆಗೆ ಹೋಗದಿರುವುದಕ್ಕೂ ಘಟ್ಟದ ಬದಿಯ ಹಳ್ಳಿಯವನು ಹೋಗದಿರುವುದಕ್ಕೂ ಒಂದೇ ಅರ್ಥ ಹಚ್ಚುವುದು ಸರಿಯಲ್ಲ ಎಂಬುದು ನನ್ನ ವಾದ. ಆದರೆ ಆ ಕಾರಣ ಕಡತದಲ್ಲಿ ಇರಬೇಕಲ್ಲ? ನಮ್ಮ ಕೊನೆಗಾರ ಕೋರ್ಟಿಗೆ ಕೊಟ್ಟ ಅಫಿಡವಿಟ್ಟಿನಲ್ಲಿ ಸುಗ್ಗಿಯ ಮಾತಿಲ್ಲ, ಹೆಂಡತಿಯ ಸುಲಿತದ ಮಾತಿಲ್ಲ, ಎರಡು ಬಸ್ಸಿನ ಮಾತಿಲ್ಲ, ನಾಟಿ ವೈದ್ಯರ ಮಾತಂತೂ ಇಲ್ಲವೇ ಇಲ್ಲ. ಬರೆದವರಿಗೆ ಅದು ಮುಚ್ಚಿಡಬೇಕಾದ ವಿಷಯ ಅನ್ನಿಸಿತೋ ಏನೋ. ಮುಚ್ಚಿಟ್ಟದ್ದು ಎದುರು ವಕೀಲರ ಪಾಟೀಸವಾಲಿನಲ್ಲಿ ಹೊರಬಿದ್ದರೆ ಅದು ಎದುರಿನವರ ಸರಕಾಗುತ್ತದೆ. ಮೊದಲೇ ತಾವಾಗಿ ಹೇಳಿ, ನಾಟಿ ವೈದ್ಯರನ್ನೋ ಹೆಂಡತಿಯನ್ನೋ ಸಾಕ್ಷಿಯಾಗಿ ಕರೆಸಿದ್ದರೆ ಅದೇ ಸಂಗತಿ ನೋವು ನಿಂತಿರಲಿಲ್ಲ ಎಂಬುದಕ್ಕೆ ಪುರಾವೆಯಾಗುತ್ತಿತ್ತು.

ಅವಸರಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. 2019ರ ತಿದ್ದುಪಡಿಯಿಂದ 166ನೇ ಕಲಮಿಗೆ ಬಂದು 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದ ಪ್ರಕಾರ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಆ ಮಿತಿಯ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ. ಅದರ ಮೇಲೆ ಭಾರ ಹಾಕಿ ಕೂರುವುದು ಜಾಣತನವಲ್ಲ. ‘ಚಿಕಿತ್ಸೆ ಮುಗಿಯಲಿ, ಆಮೇಲೆ ಹಾಕೋಣ’ ಎನ್ನುವವರು ತಿಳಿಯಬೇಕಾದ್ದು ಇಷ್ಟೇ: ಅರ್ಜಿ ಹಾಕಲು ಚಿಕಿತ್ಸೆ ಮುಗಿದಿರಬೇಕಿಲ್ಲ. ಅರ್ಜಿ ಮೊದಲು, ಮುಂದಿನ ಚೀಟಿಗಳು ಸಾಕ್ಷ್ಯದ ಹೊತ್ತಿಗೆ. ಅಪಘಾತ ಉಡುಪಿಯಲ್ಲಾಗಿದ್ದರೂ ತಾನು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಕೆಟ್ಟದ್ದಾಗುವುದು ಎಲ್ಲಿ ಎಂದರೆ, ಅರ್ಜಿ ಹಾಕಿದ ಮೇಲೆ ಚಿಕಿತ್ಸೆಯ ಕೆಲಸವೂ ವಕೀಲರದ್ದೇ ಎಂಬಂತೆ ಗಾಯಾಳು ನಿರಾಳನಾಗುವುದರಲ್ಲಿ.

ಕೊನೆಗೆ, ಸಾಕ್ಷ್ಯಕ್ಕೆ ತಿಂಗಳಿರುವಾಗ, ಚಿಕಿತ್ಸೆ ಕೊಟ್ಟ ಡಾಕ್ಟರು ಸಿಗದೆ, ‘ಡಿಸೆಬಿಲಿಟಿ ಬರೆದುಕೊಡುವ’ ಇನ್ನೊಬ್ಬರ ಹತ್ತಿರ ಓಡುವುದು. ಒಂದು ಎಕ್ಸ್‌ರೇ, ಒಂದು ಸಂಜೆ, ಶೇ. 40. ಚಿಕಿತ್ಸೆ ಕೊಡದ, ಸರಿಯಾಗಿ ಪರೀಕ್ಷಿಸದ ವೈದ್ಯರು ಕೊಡುವ ಸಿದ್ಧ ಪ್ರಮಾಣಪತ್ರಗಳ ವಿಷಯದಲ್ಲಿ ಎಚ್ಚರವಾಗಿರಿ ಎಂದು ಸುಪ್ರೀಂ ಕೋರ್ಟ್ ಹೇಳಿ ಹದಿನೈದು ವರ್ಷ ದಾಟಿತು. ಇಂಥ ಶೇ. 40 ಪಾಟೀಸವಾಲಿನಲ್ಲಿ ಹರಿದುಹೋದಾಗ ನಿಜವಾಗಿ ಇದ್ದ ಶೇ. 20ನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಬೇಕಿಲ್ಲದ ಟೆಸ್ಟು, ಬೇಕಿಲ್ಲದ ದಿನಗಳ ಅಡ್ಮಿಷನ್ ಸೇರಿಸಿ ಬಿಲ್ಲು ಉಬ್ಬಿಸುವುದೂ ಹಾಗೆಯೇ. ಚಿಕಿತ್ಸೆ ಎಡೆಬಿಡದೆ ಇರಬೇಕು ಎಂದರೆ ಅದು ಹೆಚ್ಚು ಇರಬೇಕು ಅಂತಲ್ಲ. ಡಾಕ್ಟರು ಬರೆದ ತಾರೀಖಿಗೆ ಹೋಗುವುದು, ಆಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾದರೂ ಹೋಗಿ ಹಳೇ ಚೀಟಿ ತೋರಿಸಿ ಇವತ್ತಿನ ನೋವನ್ನು ಬರೆಸುವುದು, ಅಷ್ಟೇ. ಪಿಎಚ್‌ಸಿ ಚೀಟಿಗೆ ಬೆಲೆಯಿಲ್ಲ ಎಂದು ಯಾರೋ ಹಬ್ಬಿಸಿದ್ದಾರೆ. ಸರ್ಕಾರಿ ವೈದ್ಯರು ತಾರೀಖು ಹಾಕಿ ಸಹಿ ಮಾಡಿದ ಚೀಟಿಗಿಂತ ಗಟ್ಟಿಯಾದ್ದು ಖಾಲಿ ತಿಂಗಳನ್ನು ತುಂಬಲು ಬೇರೆ ಯಾವುದಿದೆ?

ಆರೋಗ್ಯ ಕಾರ್ಡಿನಲ್ಲಿ ಚಿಕಿತ್ಸೆ ಪಡೆದವರ ಕೈಯಲ್ಲಿ ಬಿಲ್ಲುಗಳಿರುವುದಿಲ್ಲ, ಅದಕ್ಕೆ ತಮ್ಮ ಹತ್ತಿರ ದಾಖಲೆಯೇ ಇಲ್ಲ ಎಂದುಕೊಳ್ಳುತ್ತಾರೆ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. ಕೌಂಟರಿನಲ್ಲಿ ಬಾಯಿಮಾತಲ್ಲಿ ಕೇಳಿದರೆ ‘ನಾಳೆ ಬನ್ನಿ’, ಬರೆದು ಕೊಟ್ಟು ಸ್ವೀಕೃತಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ. ಕೇಸ್ ಶೀಟು ಡಿಸ್ಚಾರ್ಜ್ ಸಮ್ಮರಿಗಿಂತ ಹೆಚ್ಚು ಮಾತಾಡುತ್ತದೆ. ರಾತ್ರಿ ಎರಡಕ್ಕೆ ನರ್ಸು ಕೊಟ್ಟ ನೋವಿನ ಇಂಜೆಕ್ಷನ್ ಕೂಡ ಅದರಲ್ಲಿರುತ್ತದೆ, ‘ಮದ್ಯದ ವಾಸನೆ’ ಎಂಬ ಒಂದು ಪದವೂ ಇರಬಹುದು. ಎದುರಿನವರು ಓದುವ ಮೊದಲು ನಾವು ಓದಿರಬೇಕು.

ಕಾಗದ ಕಾಪಾಡುವುದೂ ನಮ್ಮಲ್ಲಿ ಸಣ್ಣ ಕೆಲಸವಲ್ಲ. ಕೊನೆಗಾರನ ಮನೆಯಲ್ಲಿ ಎಕ್ಸ್‌ರೇಗಳು ಗೊಬ್ಬರದ ಚೀಲದ ಒಳಪದರದಲ್ಲಿ ಸುತ್ತಿ ಅಟ್ಟದ ಮೇಲಿದ್ದವು. ಎರಡು ಮಳೆಗಾಲ ಕಳೆದು ಬಿಚ್ಚಿದರೆ ಎರಡು ಫಿಲ್ಮು ಒಂದಕ್ಕೊಂದು ಅಂಟಿದ್ದವು, ಡಿಸ್ಚಾರ್ಜ್ ಸಮ್ಮರಿಯ ಅಂಚಿಗೆ ಬೂಷ್ಟು. ಔಷಧಿ ಅಂಗಡಿಯ ಬಿಲ್ಲುಗಳ ಕಥೆ ಇನ್ನೂ ಕೆಟ್ಟದ್ದು. ಈಗಿನ ಮೆಷಿನ್ನಿನ ಬಿಲ್ಲು ಬಿಸಿಗೆ ಮೂಡುವ ಅಕ್ಷರ, ಬಿಸಿಗೇ ಹೋಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದ ಹದಿನಾಲ್ಕು ಬಿಲ್ಲುಗಳಲ್ಲಿ ಒಂಬತ್ತು ಬೆಳ್ಳಗೆ, ನುಣ್ಣಗೆ, ಏನೂ ಇಲ್ಲದೆ ಕೂತಿದ್ದವು. ಬಸ್ ಟಿಕೆಟ್ಟೂ ಹಾಗೆಯೇ. ಕೊಂಡ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿದ್ದರೆ ಆಗುತ್ತಿತ್ತು. ಅವನ ಮಗಳು ಪಿಯುಸಿ ಓದುವವಳು, ಕೇಳಿದ್ದರೆ ಒಂದು ನಿಮಿಷದ ಕೆಲಸ. ಯಾರೂ ಕೇಳಲಿಲ್ಲ.

ಜನವರಿಯಲ್ಲಿ ಅವನು ಮತ್ತೆ ಶಿವಮೊಗ್ಗಕ್ಕೆ ಹೋದಾಗ ಬರೆದ ಚೀಟಿ ಉಳಿದಿದೆ. ಹರಡು ಬಿಗಿದಿದೆ, ಓಡಾಡಿದರೆ ಊತ, ಮರ ಹತ್ತುವ ಕೆಲಸ ಆಗದು ಎಂದು ಡಾಕ್ಟರು ಅವನ ಕಸುಬು ಕೇಳಿ ಬರೆದಿದ್ದಾರೆ. ಕಸುಬು ಕೇಳಿ ಬರೆಯುವ ಡಾಕ್ಟರು ಅಪರೂಪ. ಇಡೀ ಕಡತದಲ್ಲಿ ಶೇ. 8ರಿಂದ ಮೇಲಕ್ಕೆ ಹತ್ತಿಸಬಲ್ಲ ಮೆಟ್ಟಿಲು ಅದೊಂದೇ. ಅದಕ್ಕೆ ಆ ಡಾಕ್ಟರೇ ಬಂದು ಸಾಕ್ಷಿ ಹೇಳಬೇಕು, ಇಲ್ಲವೇ ಕೋರ್ಟು ನೇಮಿಸುವ ಕಮಿಷನರ್ ಮೂಲಕ ಆಸ್ಪತ್ರೆಯಲ್ಲೇ ಅವರ ಹೇಳಿಕೆ ಪಡೆಯಬೇಕು. ವಿಮಾ ವಕೀಲರು ಆಗ ಏನು ಕೇಳುತ್ತಾರೆಂದು ಊಹಿಸಬಹುದು. ನಾಲ್ಕು ತಿಂಗಳು ವ್ಯಾಯಾಮ ಮಾಡಿದ್ದರೆ ಹರಡು ಇಷ್ಟು ಬಿಗಿಯುತ್ತಿರಲಿಲ್ಲ ಎಂದರೆ ಸರಿಯೇ? ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊನೆ ಕೊಯ್ಯಬಹುದು ಎಂದರೆ ಸರಿಯೇ? ಎರಡನೆಯದಕ್ಕೆ ನನ್ನ ಹತ್ತಿರವೂ ಉತ್ತರವಿದೆ. ದೋಟಿ ಹಿಡಿಯುವವನಿಗೂ ಇಳಿಜಾರಿನ ತೋಟದಲ್ಲಿ, ಕಪ್ಪಿನ (ಬಸಿಗಾಲುವೆಯ) ಅಂಚಿನಲ್ಲಿ, ಮೇಲೆ ನೋಡುತ್ತ ಎರಡು ಕಾಲಿನ ಮೇಲೂ ಭಾರ ಬಿಟ್ಟು ದಿನವಿಡೀ ನಿಲ್ಲಬೇಕು. ಆದರೆ ನಾನು ಸಾಕ್ಷಿಯಲ್ಲ.

ಅವತ್ತು ಕಟಕಟೆ ಇಳಿದು ಹೊರಗೆ ಬಂದವನು ವರಾಂಡದ ಬೆಂಚಿನಲ್ಲಿ ಕೂತು ಚಪ್ಪಲಿ ಬಿಚ್ಚಿ ಹರಡು ನೀವಿಕೊಂಡ. ಮುಂದಿನ ತಾರೀಖು ಡಾಕ್ಟರ ಸಾಕ್ಷ್ಯಕ್ಕೆ. “ನಾನು ಸುಳ್ಳು ಹೇಳಲಿಲ್ಲ ಅಲ್ವ ಅಣ್ಣ? ಹೋಗಿರ್ಲಿಲ್ಲ, ಹೋಗಿರ್ಲಿಲ್ಲ ಅಂದೆ” ಎಂದ. ಹೌದು ಎಂದೆ. ಹೊಸನಗರದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅವನ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಿಂದ ಜನವರಿಯ ಚೀಟಿಯೊಂದನ್ನು ಬೇರೆ ತೆಗೆದು, ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ನಾಲ್ಕು ಪ್ರತಿ ಮಾಡಿಸಿಕೊಂಡು ಬಂದೆವು.